ಅಣಕ ಮೊದಲು, ಮೂಲ ಆಮೇಲೆ: 'ಸಿಂಪ್ಸನ್ಸ್' ನೋಡುವವರಿಗೆ ಒಂದಿಷ್ಟು ಟಿಪ್ಪಣಿ

ಕಳೆದ ವಾರ ಕುಮಟಾದ ಗೆಳತಿಯ ಮನೆಯಲ್ಲಿ ನಾವು ಆರು ಜನ ಕೂತು 'ದಿ ಸಿಂಪ್ಸನ್ಸ್' ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿ ನೋಡಿದೆವಲ್ಲ, ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. "ನಗು ಬಂತು, ಆದ್ರೆ ಯಾವ ಸಿನಿಮಾನ ಅಣಕಿಸ್ತಿದ್ದಾರೆ ಅಂತ ಗೊತ್ತಾಗ್ಲಿಲ್ಲ. ಪರೀಕ್ಷೆಯಲ್ಲಿ ಏನು ಬರೆಯೋದು?" ಆ ಪ್ರಶ್ನೆ ಇಟ್ಟುಕೊಂಡೇ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಅವತ್ತು ಬರಲಾಗದ ಸಿರಸಿ, ಯಲ್ಲಾಪುರದ ಗೆಳೆಯರಿಗೂ ಇದು ಸಹಾಯ ಆಗಬಹುದು.

ಮೊದಲು ಬೇಕಾದಷ್ಟು ಹಿನ್ನೆಲೆ. ಮ್ಯಾಟ್ ಗ್ರೇನಿಂಗ್ ಹುಟ್ಟುಹಾಕಿದ ಈ ಕುಟುಂಬ 1987ರಲ್ಲಿ ಬೇರೊಂದು ಕಾರ್ಯಕ್ರಮದ ನಡುವೆ ಬರುವ ಪುಟ್ಟ ತುಣುಕುಗಳಾಗಿ ಶುರುವಾಯಿತು. 1989ರ ಡಿಸೆಂಬರ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ ಅರ್ಧ ಗಂಟೆಯ ಧಾರಾವಾಹಿ ಆಯಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಅಪ್ಪ ಹೋಮರ್, ಅಮ್ಮ ಮಾರ್ಜ್, ಮಕ್ಕಳು ಬಾರ್ಟ್, ಲೀಸಾ, ಮ್ಯಾಗಿ. ಇಷ್ಟು ಸಾಕು.

ಈಗ ಎರಡು ಪದ. ಉಲ್ಲೇಖ ಮತ್ತು ಅಣಕ. ಇವೆರಡನ್ನು ಒಂದೇ ಅಂದುಕೊಂಡು ಬರೆದರೆ ಉತ್ತರ ಕೆಡುತ್ತದೆ. ಉಲ್ಲೇಖ ಅಂದರೆ ಬೇರೆ ಕೃತಿಯ ಕಡೆ ಒಮ್ಮೆ ಕೈ ತೋರಿಸಿ ಮುಂದೆ ಹೋಗುವುದು. 1990ರ ಒಂದು ಕಂತಿನ ಹೆಸರು 'ದಿ ಟೆಲ್‌ಟೇಲ್ ಹೆಡ್'. ಎಡ್ಗರ್ ಅಲನ್ ಪೋನ 'ದಿ ಟೆಲ್-ಟೇಲ್ ಹಾರ್ಟ್' ಕತೆಯ ಹೆಸರಲ್ಲಿ ಹೃದಯ ತೆಗೆದು ತಲೆ ಇಟ್ಟಿದ್ದಾರೆ, ಅಷ್ಟೇ. ಅಣಕ ಹಾಗಲ್ಲ. ಅದು ಮೂಲದ ಮನೆಯೊಳಗೇ ಹೋಗಿ ಕೂರುತ್ತದೆ. ಮೂಲದ ನಡಿಗೆ, ರಾಗ, ಕ್ಯಾಮೆರಾ ಕೋನ ಎಲ್ಲ ತೆಗೆದುಕೊಂಡು, ಗಂಭೀರವಾದ ಜಾಗದಲ್ಲಿ ಸಣ್ಣದೊಂದನ್ನು ತಂದು ಕೂರಿಸುತ್ತದೆ.

ಸಣ್ಣದು ಅಂದರೆ ಎಷ್ಟು ಸಣ್ಣದು? ಇದಕ್ಕೆ ನನ್ನ ಬಳಿ ಇರುವ ಅತಿ ಒಳ್ಳೆಯ ಉದಾಹರಣೆ 1993ರ ಅಕ್ಟೋಬರ್‌ನ 'ಕೇಪ್ ಫಿಯರ್' ಕಂತು. ಅದೇ ಹೆಸರಿನ ಸಿನಿಮಾ 1962ರಲ್ಲಿ ಒಂದು ಬಂದಿತ್ತು. 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಅದನ್ನು ಮತ್ತೆ ತೆಗೆದರು. ಜೈಲಿಂದ ಹೊರಬಂದವನೊಬ್ಬ ತನ್ನ ವಕೀಲನ ಕುಟುಂಬದ ಬೆನ್ನು ಹತ್ತುವ ಕತೆ. ಆ ಪಾತ್ರ ರಾಬರ್ಟ್ ಡಿ ನಿರೋದು. ಅವನು ಅವರ ಕಾರಿನ ಅಡಿಗೆ ತನ್ನನ್ನೇ ಕಟ್ಟಿಕೊಂಡು, ಅವರು ತಪ್ಪಿಸಿಕೊಂಡು ಹೋಗುವ ಊರಿನವರೆಗೂ ಬರುತ್ತಾನೆ. ನೋಡುವಾಗ ಮೈ ಜುಮ್ಮೆನ್ನುತ್ತದೆ. ಸಿಂಪ್ಸನ್ಸ್‌ನಲ್ಲಿ ಇದೇ ಕೆಲಸವನ್ನು ಬಾರ್ಟ್ ಮೇಲೆ ಹಗೆ ಇಟ್ಟುಕೊಂಡ ಸೈಡ್‌ಶೋ ಬಾಬ್ ಮಾಡುತ್ತಾನೆ. ಕಾರಿನ ಅಡಿ ಬಿಗಿದುಕೊಂಡು ಬರುತ್ತಾನೆ, ದಾರಿಯಲ್ಲಿ ಕಳ್ಳಿ ಗಿಡಗಳ ಮೇಲೆಲ್ಲ ಎಳೆಸಿಕೊಳ್ಳುತ್ತಾನೆ, ಕೊನೆಗೆ ಹೊರಗೆ ತೆವಳಿ ಎದ್ದು ನಿಲ್ಲುತ್ತಾನೆ. ಒಂದು ಹೆಜ್ಜೆ ಇಡುತ್ತಾನೆ. ಕಾಲಡಿ ಒಂದು ಹಲ್ಲಿನ ಕೋಲು. ನಮ್ಮ ತೋಟದಲ್ಲಿ ದರಕು, ಅಂದರೆ ಒಣ ಎಲೆ, ಎಳೆದು ರಾಶಿ ಹಾಕಲು ಇಟ್ಟುಕೊಂಡಿರುತ್ತೇವಲ್ಲ, ಆ ಥರದ್ದು. ಹಲ್ಲಿನ ಮೇಲೆ ಕಾಲಿಟ್ಟರೆ ಹಿಡಿ ಎದ್ದು ಬಂದು ಮುಖಕ್ಕೆ ಬಡಿಯುತ್ತದೆ. ಫಟ್. ಬಾಬ್ ಗೊಣಗಿ, ತಿರುಗಿ, ಇನ್ನೊಂದು ಹೆಜ್ಜೆ ಇಡುತ್ತಾನೆ. ಅಲ್ಲೂ ಒಂದು. ಫಟ್. ಹೀಗೆ ಒಂಬತ್ತು ಸಲ.

ನಾನು ಇದನ್ನು ಸಿರಸಿಯ ಮನೆಯಲ್ಲಿ ನೋಡುವಾಗ ಆಯಿ ಅಡಿಕೆ ಸುಲಿಯುತ್ತ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಸ್ಕಾರ್ಸೆಸಿಯೂ ಗೊತ್ತಿಲ್ಲ. ಎರಡನೇ ಏಟಿಗೆ ತಲೆ ಎತ್ತಿದಳು. ನಾಲ್ಕನೇ ಏಟಿಗೆ ಮೆಟ್ಟುಗತ್ತಿ ಪಕ್ಕಕ್ಕೆ ಸರಿಸಿದಳು. ಐದನೆಯದಕ್ಕೆ "ಅಯ್ಯೋ, ಅಲ್ಲಿನ್ನೊಂದಿದ್ದು!" ಎಂದು ಟೀವಿಯೊಳಗಿನ ಬಾಬ್‌ಗೇ ಹೇಳಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಇದರ ಹಿಂದಿನ ಕಾರಣ ಗೊತ್ತಾದ ಮೇಲೆ ನನಗೆ ಈ ದೃಶ್ಯ ಇನ್ನೂ ಇಷ್ಟವಾಯಿತು. ಕಂತು ಅಳತೆಗೆ ಸ್ವಲ್ಪ ಗಿಡ್ಡ ಬಿದ್ದಿತ್ತು. ಸಮಯ ತುಂಬಿಸಲು ಆ ಏಟುಗಳನ್ನು ಎಳೆದರು. ಮೊದಲು ನಗು ಬರುತ್ತದೆ, ನಡುವೆ ಸ್ವಲ್ಪ ಬೇಜಾರು, ಆಮೇಲೆ ಇನ್ನೂ ನಿಲ್ಲಿಸ್ತಿಲ್ವಲ್ಲ ಅಂತಲೇ ಮತ್ತೆ ಜಾಸ್ತಿ ನಗು. ಮೂಲದಲ್ಲಿ ಕಾರಿನ ಅಡಿಯಿಂದ ಎದ್ದವನನ್ನು ಯಾರೂ ತಡೆಯಲಾರರು ಎನ್ನುವ ಭಯ ಇತ್ತು. ಇಲ್ಲಿ ಅವನನ್ನು ಅಂಗಳದ ಕೋಲು ತಡೆಯುತ್ತದೆ. ಅಣಕ ಇರುವುದು ಅಲ್ಲಿ. ಮೂಲ ಗೊತ್ತಿದ್ದವರಿಗೆ ಆ ಭಯ ಒಡೆಯುವುದು ಕಾಣುತ್ತದೆ, ಗೊತ್ತಿಲ್ಲದ ಆಯಿಗೆ ಕೋಲು ಮಾತ್ರ ಕಾಣುತ್ತದೆ, ಇಬ್ಬರೂ ನಗುತ್ತಾರೆ. ನನ್ನ ಅಳತೆಗೋಲು ಇದೇ. ಮೂಲವನ್ನು ಪೂರ್ತಿ ತೆಗೆದುಹಾಕಿ ನೋಡಿ. ಆಗಲೂ ದೃಶ್ಯ ತನ್ನ ಕಾಲ ಮೇಲೆ ನಿಂತರೆ ಅದು ಒಳ್ಳೆಯ ಅಣಕ.

ಇಲ್ಲಿ ನಮ್ಮ ಪರಿಸ್ಥಿತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಧಾರಾವಾಹಿ ಬರೆದವರು ತಮ್ಮ ಪ್ರೇಕ್ಷಕ ಮೂಲವನ್ನು ನೋಡಿದ್ದಾನೆ ಅಂದುಕೊಂಡು ಬರೆದರು. ನಾವು ಉಲ್ಟಾ. ನಮ್ಮಲ್ಲಿ ಹೆಚ್ಚಿನವರಿಗೆ ಅಣಕ ಮೊದಲು ಸಿಕ್ಕಿದೆ, ಮೂಲ ಆಮೇಲೆ. ಇದು ಕೊರತೆ ಅಂತ ಅವತ್ತು ಎಲ್ಲರೂ ಮುಖ ಸಣ್ಣದು ಮಾಡಿಕೊಂಡಿರಿ. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದ ಪ್ರೇಕ್ಷಕನಿಗೆ ಏನಾಗುತ್ತದೆ ಅಂತ ತಿಳಿಯಲು ನಮಗೆ ಬೇರೆ ದಾರಿ ಇದೆ. ಯಕ್ಷಗಾನದ ಆಟಕ್ಕೆ ಹೋದಾಗ ನಾವೂ ಅವನೇ. ರಾತ್ರಿ ಎರಡು ಗಂಟೆಗೆ ರಾವಣನ ಒಡ್ಡೋಲಗ ನಡೆಯುತ್ತಿರುತ್ತದೆ. ದೂತನ ವೇಷದ ಹಾಸ್ಯಗಾರ ಓಡಿ ಬಂದು, ತಡವಾಯಿತು ಒಡೆಯಾ, ದೇವಿಮನೆ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಿತ್ತು ಅಂದರೆ ಇಡೀ ಬಯಲು ನಗುತ್ತದೆ. ಯಾಕೆ? ಆ ಒಡ್ಡೋಲಗದ ಗಾಂಭೀರ್ಯ ಹೇಗಿರಬೇಕು ಅಂತ ನಮಗೆ ಚಿಕ್ಕಂದಿನಿಂದ ಗೊತ್ತು. ಭಾಗವತರ ಪದ, ಚಂಡೆಯ ಪೆಟ್ಟು, ರಾವಣ ಕೂರುವ ರೀತಿ ಎಲ್ಲ ಮೈಯಲ್ಲಿ ಇದೆ. ಅದರೊಳಗೆ ಘಟ್ಟದ ಬಸ್ಸು ಬಂದಿದ್ದಕ್ಕೆ ನಗು. ಪ್ರಸಂಗ ಗೊತ್ತಿಲ್ಲದ ಹೊರಗಿನವರು ಪಕ್ಕದಲ್ಲಿ ಕೂತಿದ್ದರೆ ನಮ್ಮ ಮುಖ ನೋಡುತ್ತಾರೆ. ಸಿಂಪ್ಸನ್ಸ್ ಮುಂದೆ ನಾವು ಆ ಹೊರಗಿನವರು, ಅಷ್ಟೇ. ಎರಡೂ ಕಡೆ ಕೂತು ನೋಡಿದವರಿಗೆ ಅಣಕ ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಕಾಣುತ್ತದೆ.

ಮೂಲವನ್ನು ಹಿಡಿಯುವುದು ಹೇಗೆ ಅಂತ ಕೇಳಿದಿರಿ. ಕಣ್ಣಿಗಿಂತ ಮೊದಲು ಕಿವಿ ಕೊಡಿ. ಚಂಡೆ ಕೇಳಿದ ಕೂಡಲೇ ಯಾವ ವೇಷ ಬರುತ್ತದೆ ಅಂತ ಹೇಳುವವರು ನಮ್ಮಲ್ಲೇ ಇದ್ದಾರಲ್ವಾ, ಹಾಗೆ. ಕಾರ್ಟೂನಿನ ನಡುವೆ ಸಂಗೀತ ಇದ್ದಕ್ಕಿದ್ದಂತೆ ದೊಡ್ಡ ಸಿನಿಮಾದ ಥರ ಆದರೆ ಅಲ್ಲಿ ಏನೋ ಇದೆ ಅಂತ ಅರ್ಥ. ಬಾಬ್ ಬರುವಾಗ ಕೇಳುವ ಆ ಭಾರದ ರಾಗ 1962ರ ಸಿನಿಮಾಕ್ಕೆ ಬರ್ನಾರ್ಡ್ ಹರ್ಮನ್ ಮಾಡಿದ್ದು. 1991ರ ಸಿನಿಮಾದಲ್ಲೂ ಅದನ್ನೇ ಬಳಸಿದ್ದರು. ಇದೇ ಹರ್ಮನ್ ಆಲ್ಫ್ರೆಡ್ ಹಿಚ್‌ಕಾಕ್‌ನ 'ಸೈಕೋ'ಗೆ, 1960ರಲ್ಲಿ, ಆ ಕಿರುಚುವ ಪಿಟೀಲಿನ ಸಂಗೀತ ಕೊಟ್ಟವರು. 1941ರ 'ಸಿಟಿಜನ್ ಕೇನ್'ಗೂ ಅವರದೇ ಸಂಗೀತ. ಅದು ಅವರ ಮೊದಲ ಸಿನಿಮಾ. ಈ ಮೂರೂ ಸಿನಿಮಾಗಳ ಅಣಕ ಸಿಂಪ್ಸನ್ಸ್‌ನಲ್ಲಿ ಇದೆ. ಹಾಗಾಗಿ ಹರ್ಮನ್ ಸಂಗೀತವನ್ನು ಒಂದು ಸಂಜೆ ಸುಮ್ನೆ ಕೇಳಿ. ಸಿನಿಮಾ ನೋಡಲು ಸಮಯ ಇಲ್ಲದಿದ್ದರೂ ಪರವಾಗಿಲ್ಲ.

'ಸೈಕೋ' ಅಣಕ ಇರುವುದು 1990ರ ಡಿಸೆಂಬರ್‌ನ ಕಂತಿನಲ್ಲಿ. ಹೋಮರ್ ಮನೆಯ ನೆಲಮಾಳಿಗೆಯಲ್ಲಿ ಮಸಾಲೆ ಡಬ್ಬಿ ಇಡುವ ಹಲಗೆ ಮಾಡುತ್ತಿರುತ್ತಾನೆ. ಇನ್ನೂ ಮಾತು ಬಾರದ ಮ್ಯಾಗಿ ಹಿಂದಿನಿಂದ ಬಂದು ಸುತ್ತಿಗೆಯಿಂದ ತಲೆಗೆ ಬಡಿಯುತ್ತಾಳೆ. ಸಿನಿಮಾದಲ್ಲಿ ಸ್ನಾನದ ಮನೆಯ ಕೊಲೆಯ ಹೊತ್ತಿಗೆ ಬರುವ ಅದೇ ಪಿಟೀಲು, ಅದೇ ತುಂಡು ತುಂಡು ಕ್ಯಾಮೆರಾ. ರಕ್ತದ ಜಾಗದಲ್ಲಿ ಕೆಂಪು ಬಣ್ಣ ಚೆಲ್ಲಿ ಹರಿಯುತ್ತದೆ. ಇದನ್ನು ಮಗು ಎಲ್ಲಿ ಕಲಿಯಿತು? ಮನೆಯ ಟೀವಿಯಲ್ಲಿ ಬರುವ 'ಇಚ್ಚಿ ಆಂಡ್ ಸ್ಕ್ರ್ಯಾಚಿ' ನೋಡಿ. ಅದು ಬೆಕ್ಕು ಇಲಿಯ ಕಾರ್ಟೂನು, ಅಂದರೆ 'ಟಾಮ್ ಆಂಡ್ ಜೆರ್ರಿ'ಯ ಅಣಕ. ನೋಡಿ, ಅಣಕದೊಳಗೆ ಅಣಕ. ಮಾರ್ಜ್ ಕಾರ್ಟೂನುಗಳ ಹೊಡೆದಾಟದ ವಿರುದ್ಧ ಚಳವಳಿ ಶುರು ಮಾಡಿ ಗೆಲ್ಲುತ್ತಾಳೆ. ಆಮೇಲೆ ಅದೇ ಊರಿನವರು ಮೈಕಲೇಂಜೆಲೋನ ಡೇವಿಡ್ ಶಿಲ್ಪವನ್ನೂ ವಿರೋಧಿಸಲು ಕರೆಯುತ್ತಾರೆ, ಅವಳು ಒಪ್ಪುವುದಿಲ್ಲ. ಒಂದನ್ನು ತಡೆದು ಇನ್ನೊಂದನ್ನು ಬಿಡುವುದು ಹೇಗೆ ಅನ್ನುವ ಪ್ರಶ್ನೆ ಅವಳ ಮುಂದೆಯೇ ನಿಲ್ಲುತ್ತದೆ. ಇಲ್ಲಿಗೆ ಬಂದಾಗ ಅಣಕ ವಿಡಂಬನೆ ಆಗಿರುತ್ತದೆ. ಅಣಕದ ಗುರಿ ಒಂದು ಕೃತಿ, ವಿಡಂಬನೆಯ ಗುರಿ ಬದುಕು. ಎರಡೂ ಒಂದೇ ಕಂತಿನಲ್ಲಿ ಇರಬಹುದು.

ವಿಡಂಬನೆ ಅಂದಾಗ ನನಗೆ ನೆನಪಾಗುವುದು ನಮ್ಮ ಹಗರಣ. ಪೇಪರಿನಲ್ಲಿ ಹಗರಣ ಅಂದರೆ ದುಡ್ಡು ಹೊಡೆದ ಸುದ್ದಿ. ಅಂಕೋಲಾ ಕಡೆ ಹೋಳಿಯ ಹೊತ್ತಿಗೆ ಹಗರಣ ಅಂದರೆ ವೇಷ ಕಟ್ಟಿ ಅಣಕಿಸುವುದು. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದಲ್ಲಿ ತುರಾಯಿ ಕಟ್ಟಿದವರ ಸಾಲು ಒಂದು ಚಂದ, ಹಗರಣದ ವೇಷಗಳು ಇನ್ನೊಂದು ಚಂದ. ನಾನು ಒಮ್ಮೆ ನೋಡಿದ ವೇಷದಲ್ಲಿ ಒಬ್ಬ ದೊಗಳೆ ಕೋಟು ಹಾಕಿ ಕಂಕುಳಲ್ಲಿ ಫೈಲಿನ ಕಟ್ಟು ಇಟ್ಟುಕೊಂಡಿದ್ದ. ಪ್ರತಿ ಹತ್ತು ಹೆಜ್ಜೆಗೆ ನಿಂತು, ಹೆಬ್ಬೆರಳು ನಾಲಿಗೆಗೆ ತಾಗಿಸಿ, ಒಂದು ಹಾಳೆ ತಿರುವಿ, ನಾಳೆ ಬನ್ನಿ ಅನ್ನುತ್ತಿದ್ದ. ಇಷ್ಟೇ. ನೋಡುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅವರೆಲ್ಲ ಆ "ನಾಳೆ ಬನ್ನಿ" ಕೇಳಿಸಿಕೊಂಡು ವಾಪಸು ಬಂದವರು. ಯಾರು ಯಾರನ್ನು ನೋಡಿ ನಗುತ್ತಿದ್ದಾರೆ ಅನ್ನುವುದು ಅಲ್ಲಿ ಸ್ಪಷ್ಟ.

ಸಿಂಪ್ಸನ್ಸ್‌ನಲ್ಲಿ ಇದು ಎಡವಿದ ಜಾಗ ಅಪು. ಅಂಗಡಿ ನಡೆಸುವ ಭಾರತೀಯ. ಹೆಸರು ಬಂದಿದ್ದು ಸತ್ಯಜಿತ್ ರಾಯ್ ಅವರ ಅಪು ಸಿನಿಮಾಗಳಿಂದ, ಅಪು ಎಂಬ ಹುಡುಗ ಬೆಳೆದು ದೊಡ್ಡವನಾಗುವ ಕತೆಯ, 1955, 1956 ಮತ್ತು 1959ರ ಆ ಮೂರು ಸಿನಿಮಾಗಳು. ಎಷ್ಟು ದೊಡ್ಡ ಉಲ್ಲೇಖ! ಆದರೆ ಪಾತ್ರಕ್ಕೆ ಆ ಹುಡುಗನ ಬದುಕಿನ ಒಂದು ಎಳೆಯೂ ಸಿಗಲಿಲ್ಲ. ಸಿಕ್ಕಿದ್ದು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ ಮಾಡಿದ ಎಳೆದಾಡುವ ಉಚ್ಚಾರಣೆ. ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳನ್ನು ಶಾಲೆಯಲ್ಲಿ ಅದೇ ದನಿಯಲ್ಲಿ ಗೇಲಿ ಮಾಡಿದರು. 2017ರಲ್ಲಿ ಹರಿ ಕೊಂಡಬೋಲು ಈ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿದರು. 2020ರಲ್ಲಿ ಅಜಾರಿಯಾ ಆ ದನಿ ಕೊಡುವುದನ್ನು ಬಿಟ್ಟರು. ಅಪು ಚೆನ್ನಾಗಿ ಬರೆದ ಪಾತ್ರ ಅನ್ನುವವರೂ ಇದ್ದಾರೆ, ಕೆಲವು ಕಂತುಗಳಲ್ಲಿ ಅದು ನಿಜವೂ ಹೌದು. ಆದರೂ ನನ್ನ ಪ್ರಕಾರ ಆ ದನಿ ತಪ್ಪೇ. ಹಗರಣದ ಕೋಟಿನವನು ತನಗಿಂತ ಮೇಲಿದ್ದವನನ್ನು ಅಣಕಿಸುತ್ತಿದ್ದ. ಇಲ್ಲಿ ಅಣಕಕ್ಕೆ ಸಿಕ್ಕಿದ್ದು ದೂರದಿಂದ ದುಡಿಯಲು ಬಂದವನು. ಪರೀಕ್ಷೆಯಲ್ಲಿ ನೀವು ಬೇರೆ ಅಭಿಪ್ರಾಯ ಬರೆಯಬಹುದು, ಉದಾಹರಣೆ ಕೊಟ್ಟು ಬರೆಯಿರಿ.

ಕಾನೂನಿನ ಪ್ರಶ್ನೆ ಬಂದರೆ ಇಷ್ಟು ನೆನಪಿಡಿ. ಪ್ರತಿ ವರ್ಷದ ಭೂತದ ಕಂತುಗಳಲ್ಲಿ 1994ರದ್ದು ಸ್ಟ್ಯಾನ್ಲಿ ಕೂಬ್ರಿಕ್‌ನ 'ದಿ ಶೈನಿಂಗ್' ಸಿನಿಮಾವನ್ನು ಅಣಕಿಸುತ್ತದೆ, 'ದಿ ಶಿನ್ನಿಂಗ್' ಅನ್ನುವ ಹೆಸರಲ್ಲಿ. ಬಾರ್ಟ್ ಅದು ಶೈನಿಂಗ್ ಅಲ್ವಾ ಅಂತ ತಿದ್ದುತ್ತಾನೆ. ತೋಟದ ಕೆಲಸದ ವಿಲ್ಲಿ ಅವನ ಬಾಯಿ ಮುಚ್ಚಿಸುತ್ತಾನೆ, ಕೇಸ್ ಹಾಕಿಸಿಕೊಳ್ಳಬೇಕಾ ಅಂತ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, 2 ಲೈವ್ ಕ್ರೂ ತಂಡದ ಅಣಕವಾಡಿನ ಕೇಸಿನಲ್ಲಿ, ದುಡ್ಡಿಗಾಗಿ ಮಾಡಿದ ಅಣಕವೂ ನ್ಯಾಯಯುತ ಬಳಕೆ, ಅಂದರೆ ಅನುಮತಿ ಕೇಳದಿದ್ದರೂ ಕಾನೂನು ಒಪ್ಪುವ ಬಳಕೆ, ಆಗಬಹುದು ಎಂದಿತ್ತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆಗೆ ವಿನಾಯಿತಿ ಇದೆ, ಅಣಕ ಎಂಬ ಪದ ಇಲ್ಲ.

ಕಂತಿನ ಹೆಸರನ್ನು ಮಾತ್ರ ನಂಬಬೇಡಿ. 'ಬಾರ್ಟ್ ಆಫ್ ಡಾರ್ಕ್‌ನೆಸ್' ಅಂತ ಒಂದು ಕಂತಿದೆ, ಅದೂ 1994ರದ್ದು. ಹೆಸರು ಜೋಸೆಫ್ ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಕಾದಂಬರಿಯಿಂದ. ಕತೆ ಪೂರ್ತಿ ಹಿಚ್‌ಕಾಕ್‌ನ 1954ರ 'ರಿಯರ್ ವಿಂಡೋ'. ಕಾಲು ಮುರಿದುಕೊಂಡ ಬಾರ್ಟ್ ಕಿಟಕಿ ಹತ್ತಿರ ದುರ್ಬೀನು ಇಟ್ಟುಕೊಂಡು ಪಕ್ಕದ ಮನೆ ನೋಡುತ್ತ ಕೂರುತ್ತಾನೆ. ಹೆಸರು ನೋಡಿ ಕಾನ್ರಾಡ್ ಬಗ್ಗೆ ಎರಡು ಪುಟ ಬರೆದರೆ ಅಂಕ ಹೋಯಿತು.

ಇನ್ನೊಂದು ವಿಷಯ, ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಹಲ್ಲಿನ ಕೋಲಿನ ದೃಶ್ಯ ಆದ ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಸ್ಕಾರ್ಸೆಸಿಯ ಸಿನಿಮಾ ನೋಡುತ್ತಿದ್ದೆ. ಡಿ ನಿರೋ ಕಾರಿನ ಅಡಿಯಿಂದ ಬಿಡಿಸಿಕೊಂಡು ಹೊರಗೆ ಬಂದ. ಹಿಂದೆ ಬಂದು ನಿಂತಿದ್ದ ಆಯಿ ಅವನ ಕಾಲ ಹತ್ತಿರದ ನೆಲವನ್ನೇ ಸ್ವಲ್ಪ ಹೊತ್ತು ನೋಡಿದಳು. "ಇಲ್ಲಿ ಕೋಲು ಇಲ್ಯ?" ಅಂದಳು. ಅಣಕ ಮೊದಲು ನೋಡಿದವರಿಗೆ ಮೂಲ ಹೀಗೆ ಕಾಣುತ್ತದೆ. ಬರಬೇಕಾದ ಕೋಲು ಬರಲಿಲ್ಲ, ಹಾಗಾಗಿ ಅವಳಿಗೆ ಆ ಮನುಷ್ಯ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿದ. ನಾನು ನನ್ನ ನೋಟ್ಸಿನಲ್ಲಿ ಇದನ್ನು ಬರೆದಿಟ್ಟಿದ್ದೇನೆ. ನಿಮಗೂ ಇಂಥ ಅನುಭವ ಆಗಿದ್ದರೆ ಬರೆದು ತನ್ನಿ.

ಬರುವ ಭಾನುವಾರ ಮೊದಲು 'ಬಾರ್ಟ್ ಆಫ್ ಡಾರ್ಕ್‌ನೆಸ್', ಚಹಾ ಕುಡಿದು 'ರಿಯರ್ ವಿಂಡೋ'. ಮೂಲ ನೋಡದೆ ಬನ್ನಿ. ಕಂತು ನೋಡುವಾಗ ಎಲ್ಲೆಲ್ಲಿ ನಗು ಬಂತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ, ಸಿನಿಮಾ ನೋಡಿದ ಮೇಲೆ ಅದೇ ಹಾಳೆಯಲ್ಲಿ ಪೆನ್ನಿನಿಂದ ಮತ್ತೆ ಗುರುತು ಹಾಕಿ. ಕಾರವಾರದಿಂದ ಬರುವವರು ಬೆಳಗಿನ ರೈಲಿಗೇ ಹೊರಟರೆ ಒಳ್ಳೆಯದು, ಎರಡೂ ಮುಗಿಯುವಾಗ ಮಧ್ಯಾಹ್ನ ದಾಟಿರುತ್ತದೆ.