ಸಂಘದ ಉಳಿತಾಯದಿಂದ ವಾರದ ಕಂತಿನವರೆಗೆ: ಮಹಿಳೆಯರ ಹೆಸರಿನ ಸಾಲ ನಡೆದು ಬಂದ ದಾರಿ

2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು. ಅದಕ್ಕೆ ಮುಂಚೆ, ಚಾಮರಾಜನಗರ ಮತ್ತು ಮೈಸೂರು ಕಡೆಯ ಹಳ್ಳಿಗಳಲ್ಲಿ ಕಂತು ಕಟ್ಟಲಾಗದವರು ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟ ಸುದ್ದಿಗಳು ದಿನಬಿಟ್ಟು ದಿನ ಬರುತ್ತಿದ್ದವು. ಆ ಸಾಲಗಳಲ್ಲಿ ಹೆಚ್ಚಿನವು ಮಹಿಳೆಯರ ಹೆಸರಿನಲ್ಲಿದ್ದವು. ಹಸು, ಕುರಿ, ಹೊಲಿಗೆ ಯಂತ್ರ, ಕಿರಾಣಿ ಅಂಗಡಿ ಎಂದು ಉದ್ದೇಶ ಬರೆಸಿಕೊಂಡು ಕೊಡುವ ಇಂಥ ಹಣ ಊರು ಬಿಡಿಸುವ ಹಂತಕ್ಕೆ ಹೇಗೆ ಬಂತೆಂಬುದನ್ನು ತಿಳಿಯಲು ನಾಲ್ಕು ದಶಕ ಹಿಂದಕ್ಕೆ ಹೋಗಬೇಕು.

ಬಡ ಮಹಿಳೆಗೆ ಅಡಮಾನವಿಲ್ಲದೆ ಸಾಲ ಕೊಡಬಹುದೆಂಬ ವಿಚಾರ 1970ರ ದಶಕದ್ದು. 1974ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಕಟ್ಟಿದ, ಸ್ವಂತ ದುಡಿಮೆಯ ಮಹಿಳೆಯರ ‘ಸೇವಾ’ ಸಂಘಟನೆ ತನ್ನದೇ ಬ್ಯಾಂಕು ತೆರೆಯಿತು. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಆರಂಭಿಸಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ‘ಸಂಘ’ ಎಂದೇ ಕರೆಯುವ ವ್ಯವಸ್ಥೆಯ ಬೇರು ಬಹುಮಟ್ಟಿಗೆ ಕರ್ನಾಟಕದಲ್ಲೇ ಇದೆ ಎಂಬುದು ಹೊರಗಿನವರಿಗಿರಲಿ, ನಮಗೂ ಅಷ್ಟಾಗಿ ನೆನಪಿಲ್ಲ.

ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡ ಮುಂದೆ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ಕಟ್ಟಲು ನೆರವಾಯಿತು. 1980ರ ದಶಕದ ಮಧ್ಯದಲ್ಲಿ ಅವುಗಳಲ್ಲಿ ಹಲವು ಒಡೆದವು. ದೊಡ್ಡ ಸಂಘದ ಆಡಳಿತದ ಮೇಲೆ ನಂಬಿಕೆ ಕಳೆದುಕೊಂಡ ಸದಸ್ಯರು ಸಣ್ಣ ಗುಂಪುಗಳಾಗಿ ಮೈರಾಡದವರ ಬಳಿ ಬಂದು, ಸಾಲವನ್ನು ನಿಮಗೆ ಬೇಕಾದರೆ ತೀರಿಸುತ್ತೇವೆ, ಸಹಕಾರ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ನಮಗೂ ಬೇಡ, ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂಬ ಉತ್ತರ ಬಂತು. ಸ್ವಸಹಾಯ ಗುಂಪು ಎಂದು ಆಮೇಲೆ ಹೆಸರಾದದ್ದು ಈ ಏರ್ಪಾಡೇ. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ದೇಶದ ಮಟ್ಟದಲ್ಲಿ ಕೈಗೊಂಡಿತು.

ಆ ಕಾಲದ ಸಂಘದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹದಿನೈದಿಪ್ಪತ್ತು ಹೆಂಗಸರು ವಾರಕ್ಕೊಂದು ಸಂಜೆ ಶಾಲೆಯ ಜಗಲಿಯಲ್ಲೋ ಗುಡಿಯ ಮುಂದೋ ಸೇರುತ್ತಾರೆ. ಮೊದಲು ಉಳಿತಾಯ: ಐದೋ ಹತ್ತೋ ರೂಪಾಯಿ. ತಗಡಿನ ಪೆಟ್ಟಿಗೆಯ ಬೀಗದ ಕೈ ಒಬ್ಬಳ ಬಳಿ, ಪೆಟ್ಟಿಗೆ ಇನ್ನೊಬ್ಬಳ ಮನೆಯಲ್ಲಿ. ಯಾರಿಗೆ ಎಷ್ಟು ಕೊಡಬೇಕೆಂದು ಅಲ್ಲೇ ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡುತ್ತಾರೆ, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ಕಡಿಮೆಯೇನಲ್ಲ, ಆದರೆ ಅದು ಮರಳಿ ಆ ಪೆಟ್ಟಿಗೆಗೇ ಬೀಳುತ್ತಿತ್ತು. ಅಂಥ ಹಳೆಯ ಪುಸ್ತಕವೊಂದನ್ನು ನಾನು ತಿರುವಿಹಾಕಿದ್ದೇನೆ. ಮಗಳ ಬಾಣಂತನ, ಗಂಡನ ಆಸ್ಪತ್ರೆ ಖರ್ಚು, ಅಡವಿಟ್ಟ ಓಲೆ ಬಿಡಿಸಲು ಎಂದು ಕಾರಣಗಳನ್ನು ಅದರಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿತ್ತು. ಹಸು ಕೊಳ್ಳಲು ಎಂಬ ನಮೂದು ಬರುವುದು ಎರಡನೇ ವರ್ಷದಲ್ಲಿ. ಮನೆಯ ತುರ್ತು ಕಳೆದ ಮೇಲಷ್ಟೇ ವ್ಯಾಪಾರದ ಯೋಚನೆ ಹುಟ್ಟಿತ್ತು. ಸಾಲದ ಹಸುವಿನಿಂದ ಹೆಚ್ಚು ಲಾಭ ಕಂಡವರು ಹಾಲಿನ ಡೈರಿ ಇದ್ದ ಊರಿನವರು. ಬೆಳಿಗ್ಗೆ ಸಂಜೆ ಕೊಳ್ಳುವವರಿದ್ದರು. ಹಪ್ಪಳ, ಉಪ್ಪಿನಕಾಯಿ, ಊದುಬತ್ತಿಗೆ ಅಂಥ ಕಾಯಂ ಮಾರುಕಟ್ಟೆ ಸಿಗಲಿಲ್ಲ.

2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸಂಘಗಳು ಊರೂರಿಗೂ ಹಬ್ಬಿದವು. ಅದೇ ವರ್ಷ ಕಿರುಸಾಲಕ್ಕೆ ಬ್ಯಾಂಕುಗಳು ಒದಗಿಸುವ ಹಣವನ್ನು ಆದ್ಯತಾ ವಲಯದ ಸಾಲವೆಂದು, ಅಂದರೆ ಬ್ಯಾಂಕುಗಳು ಇಂತಿಷ್ಟು ಕೊಡಲೇಬೇಕಾದ ಸಾಲದ ಭಾಗವೆಂದು, ರಿಸರ್ವ್ ಬ್ಯಾಂಕ್ ಪರಿಗಣಿಸಿದ್ದರಿಂದ, ಖಾಸಗಿ ಕಿರುಸಾಲ ಸಂಸ್ಥೆಗಳಿಗೂ ಹಣ ಧಾರಾಳವಾಗಿ ಹರಿಯಿತು. ಇಲ್ಲಿ ಕ್ರಮ ತಲೆಕೆಳಗಾಯಿತು. ಉಳಿತಾಯ ಬಿಟ್ಟುಹೋಗಿ ಸಾಲವೇ ಮೊದಲಾಯಿತು; ಬಡ್ಡಿ ಊರಿನ ಪೆಟ್ಟಿಗೆ ಬಿಟ್ಟು ಹೊರಗೆ ಹೋಗತೊಡಗಿತು; ಒಬ್ಬರನ್ನೊಬ್ಬರು ಬಲ್ಲವರ ಗುಂಪು ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಗುಂಪಾಯಿತು. ಕಂತು ತಪ್ಪಿದವಳ ಮನೆಯ ಮುಂದೆ ಫೈನಾನ್ಸಿನವರಿಗಿಂತ ಮೊದಲು ಹೋಗಿ ನಿಲ್ಲಬೇಕಾದವರು ಪಕ್ಕದ ಮನೆಯ ಹೆಂಗಸರೇ. ಹಸು ಗಬ್ಬವಾಗಿ ಹಾಲು ಬತ್ತಿಸಿದ ತಿಂಗಳುಗಳಲ್ಲೂ ವಾರದ ಕಂತು ನಿಲ್ಲುವುದಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆಯನ್ನು ನಂಬಿದ ಊರುಗಳಲ್ಲಿ ಮರುಪಾವತಿ ಸಾಮೂಹಿಕವಾಗಿ ನಿಂತಿತು. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಕಿರುಸಾಲ ಸಂಸ್ಥೆಗಳನ್ನು ಹತೋಟಿಗೆ ತರಲು ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೆಗಾಂ ಸಮಿತಿಯ ವರದಿಯ ನಂತರ ಬಡ್ಡಿಗೆ ಮಿತಿ ಬಂತು. 2022ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ತೆಗೆದು, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ನಿಯಮ ಮಾಡಿತು. ಕೂಲಿಯನ್ನೇ ನಂಬಿದ ಮನೆಯ ತಿಂಗಳ ಆದಾಯ ಇಷ್ಟೇ ಎಂದು ಲೆಕ್ಕ ಹಾಕುವುದು ಸುಲಭವಲ್ಲ.

ಇಷ್ಟೆಲ್ಲ ಸಾಲದಿಂದ ಎಷ್ಟು ಮಹಿಳೆಯರು ಉದ್ಯಮದ ಒಡತಿಯರಾದರು ಎಂಬ ಪ್ರಶ್ನೆಗೆ ಅಂಕಿಅಂಶಗಳು ಎಚ್ಚರಿಕೆಯ ಉತ್ತರ ಕೊಡುತ್ತವೆ. 2013–14ರ ಆರನೇ ಆರ್ಥಿಕ ಗಣತಿಯ ಪ್ರಕಾರ ದೇಶದ ಉದ್ಯಮಗಳಲ್ಲಿ ಮಹಿಳೆಯರ ಒಡೆತನದವು ಶೇ 14ರಷ್ಟು. ಅವುಗಳಲ್ಲಿ ಹೆಚ್ಚಿನವು ಸಂಬಳದ ಕೆಲಸಗಾರರಿಲ್ಲದ ಒಂಟಿ ದುಡಿಮೆಗಳು. ಹದಿನೈದು ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿದೆ. ಈ ಏರಿಕೆಯ ದೊಡ್ಡ ಪಾಲು ಹಳ್ಳಿಗಳ ಸ್ವಂತ ದುಡಿಮೆಯದ್ದು. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಆ ಲೆಕ್ಕದಲ್ಲಿ ಸೇರಿದ್ದಾರೆ.

ಆಸ್ತಿಯ ಮಾತು ಇದಕ್ಕೆ ಅಂಟಿಕೊಂಡೇ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ 11 ವರ್ಷ ಮೊದಲು ಮಾಡಿತ್ತು. ಆದರೂ ತವರಿನ ಬಾಂಧವ್ಯ ಕೆಡಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುವ ಹೆಣ್ಣುಮಕ್ಕಳು ಇಂದಿಗೂ ಕಡಿಮೆಯಿಲ್ಲ. ಹತ್ತು ವರ್ಷ ಒಂದು ಕಂತೂ ತಪ್ಪಿಸದವಳು ಎರಡು ಹಸುವಿನಿಂದ ಹತ್ತಕ್ಕೆ ಹೋಗಬೇಕೆಂದರೆ ಕೊಟ್ಟಿಗೆಗೆ ಜಾಗ ಬೇಕು, ಮೇವಿಗೆ ಹೊಲ ಬೇಕು. ಅವುಗಳ ಪಹಣಿಯಲ್ಲಿ ಗಂಡನದೋ ಮಾವನದೋ ಹೆಸರಿರುತ್ತದೆ. ಈಗಿನ ಕಾನೂನು ವಸೂಲಿಗೆ ಬರುವವರ ನಡತೆಯನ್ನು ಹತೋಟಿಗೆ ತರುತ್ತದೆ. ಪಹಣಿಯ ಹೆಸರಾಗಲಿ, ಊದುಬತ್ತಿಯ ಮಾರುಕಟ್ಟೆಯಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ.