ಸೈಜ್ ತಪ್ಪುತ್ತಿದೆ ಅಂತ ಅವನಿಗೆ ಗೊತ್ತಿತ್ತು

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್. 22 ಜನ, ನಾಲ್ಕು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್. ಒಂದು ರಾತ್ರಿ ಶಿಫ್ಟ್‌ನಲ್ಲಿ ಟೂಲ್ ಸವೆದು ಬೋರ್ (ಪೀಸ್‌ನಲ್ಲಿ ಕೊರೆಯುವ ತೂತು) ಸೈಜ್ ಸ್ವಲ್ಪ ಸ್ವಲ್ಪವೇ ತಪ್ಪಿತು. ಬೆಳಗಾಗುವಷ್ಟರಲ್ಲಿ 300ಕ್ಕೂ ಹೆಚ್ಚು ಪೀಸ್ ರಿಜೆಕ್ಟ್. ಮಾಲೀಕರು ನನಗೆ ಫೋನ್ ಮಾಡಿದರು. "ಹುಡುಗರಿಗೆ ಜವಾಬ್ದಾರಿನೇ ಇಲ್ಲ ಸಾರ್. ಬಂದು ಒಂದು ಟ್ರೇನಿಂಗ್ ಕೊಡಿ."

ಸಣ್ಣ ಉದ್ದಿಮೆ ನಡೆಸುವವರಿಗೆ ತಂಡ ಕಟ್ಟುವ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಟ್ರೇನಿಂಗ್ ಕೊಡುವ ಮೊದಲು ಆ ರಾತ್ರಿ ಮಷಿನ್ ನಡೆಸಿದ ಆಪರೇಟರ್ ಜೊತೆ ಟೀ ಅಂಗಡಿಯಲ್ಲಿ ಕೂತೆ. ಸೈಜ್ ಜರುಗುತ್ತಿದೆ ಅಂತ ಅವನಿಗೆ ಒಂದು ಗಂಟೆ ರಾತ್ರಿಗೇ ಗೊತ್ತಾಗಿತ್ತು. "ಲಿಮಿಟ್ ಒಳಗೇ ಉಳಿಯಬಹುದು ಅಂದ್ಕೊಂಡೆ. ಸಾರ್‌ಗೆ ಫೋನ್ ಮಾಡಿದ್ರೆ ಮೊದ್ಲು ಬೈತಾರೆ. ಆಮೇಲೆ ಬಂದು ಅವ್ರೇ ಆಫ್‌ಸೆಟ್ ಹಾಕ್ತಾರೆ. ನಾನು ಪಕ್ಕದಲ್ಲಿ ಸುಮ್ನೆ ನಿಂತಿರ್ಬೇಕು." (ಆಫ್‌ಸೆಟ್ ಅಂದರೆ ಟೂಲ್ ಸವೆದಷ್ಟನ್ನು ಸರಿದೂಗಿಸಲು ಮಷಿನ್‌ಗೆ ಕೊಡುವ ಅಳತೆ.)

ಈ ಮಾತನ್ನು ನಾನು ಆಗ ಮಾಲೀಕರಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಮತ್ತೆ ಬಾಯಿ ಬಿಡುತ್ತಿರಲಿಲ್ಲ. (ಈಗ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.) ಬದಲಿಗೆ ಒಂದು ಬೆಳಗ್ಗೆ ಪೂರ್ತಿ ಶಾಪ್‌ನಲ್ಲಿ ಕೂತು, ಮಾಲೀಕರು ಇನ್ನೊಬ್ಬರ ಕೈಯಿಂದ ಕೆಲಸ ಎಷ್ಟು ಸಲ ತಗೊಂಡರು ಅಂತ ಗೀಟು ಹಾಕುತ್ತಾ ಹೋದೆ. ಏಳು ಸಲ. ಚೀಟಿ ತೋರಿಸಿದಾಗ ಅವರ ಮುಖ ಸಣ್ಣದಾಯಿತು. "ನಾನು ಸಹಾಯ ಮಾಡ್ತಿದ್ದೆ ಅಲ್ವಾ?"

ಅವರು ಅಂದದ್ದು ನಿಜ. ಹೆಲ್ಪರ್ ಆಗಿ ಸೇರಿ, ಆಮೇಲೆ ಸೆಕೆಂಡ್ ಹ್ಯಾಂಡ್ ಲೇಥ್ ಒಂದನ್ನು ಕೊಂಡು ಮೇಲೆ ಬಂದವರು ಅವರು. ಅವರನ್ನು ಬೆಳೆಸಿದ್ದು ಅವರ ಕೈ. ಯಾವುದಾದರೂ ಕೆಟ್ಟರೆ ಆ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಒಬ್ಬರೇ ದುಡಿಯುವಾಗ ಅದು ದೊಡ್ಡ ಬಲ. 22 ಜನ ಇರುವಾಗ ಅದೇ ಕೈ ಎದುರಿನವನಿಗೆ "ನಿನಗೆ ಬರಲ್ಲ, ಪಕ್ಕಕ್ಕೆ ಸರಿ" ಅಂತ ಹೇಳುತ್ತದೆ. ಬಾಯಲ್ಲಿ ಹಾಗೆ ಅನ್ನಬೇಕಾಗಿಯೇ ಇಲ್ಲ.

1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ನಾಲ್ಕು ಮನೆಯ ಒಂದು ಚೌಕ ಬರೆದರು. ಜೋಹರಿ ಕಿಟಕಿ ಅಂತ ಅದರ ಹೆಸರು. ಕೇಳಿದರೆ ನಮ್ಮ ದೇಶದ್ದು ಅನ್ನಿಸುತ್ತದೆ, ಆದರೆ ಅವರಿಬ್ಬರ ಹೆಸರು ಸೇರಿಸಿ ಮಾಡಿದ್ದು. ಅದರಲ್ಲಿ ಒಂದು ಮನೆ, ನಮ್ಮ ಬಗ್ಗೆ ಎಲ್ಲರಿಗೂ ಗೊತ್ತಿದ್ದು ನಮಗೆ ಮಾತ್ರ ಗೊತ್ತಿಲ್ಲದ್ದು. ಒಬ್ಬರೇ ಕೂತು ಎಷ್ಟೇ ಯೋಚಿಸಿದರೂ ಆ ಮನೆ ತೆರೆಯುವುದಿಲ್ಲ. ಬೇರೆಯವರು ಹೇಳಬೇಕು. ಆದರೆ ಸಂಬಳ ಕೊಡುವವರಿಗೆ ಯಾರು ಹೇಳುತ್ತಾರೆ?

ನಮ್ಮಲ್ಲಿ ಇದು ಇನ್ನೂ ಕಷ್ಟ. ತಂಗಿ ಮದುವೆಗೆ ಅಡ್ವಾನ್ಸ್ ಕೊಟ್ಟ ಮಾಲೀಕರು, ಮಗನ ಫೀಸ್ ಕಟ್ಟಿದ ಮಾಲೀಕರು. ಅವರ ಋಣ ಇದೆ. ಋಣ ಇದ್ದ ಕಡೆ ತಪ್ಪು ಎತ್ತಿ ತೋರಿಸಲು ನಾಲಿಗೆ ಏಳುವುದಿಲ್ಲ. "ನಾವೆಲ್ಲ ಒಂದೇ ಫ್ಯಾಮಿಲಿ" ಅಂತ ಮಾಲೀಕರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಎದುರು ಮಾತಾಡಿದವರು ಯಾರಿದ್ದಾರೆ ಹೇಳಿ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ ಕಂಡಿತು. ಆಮೇಲೆ ತಿಳಿದದ್ದು, ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅಂತ. ಹಾಗಾಗಿ ಯಾವ ಮಾಲೀಕರಾದರೂ "ನಮ್ಮಲ್ಲಿ ತೊಂದರೆನೇ ಇಲ್ಲ" ಅಂದರೆ ನನಗೆ ಭಯವಾಗುತ್ತದೆ.

ಪೀಣ್ಯದ ಮಾಲೀಕರಿಗೆ ನಾನು ಹೇಳಿದ್ದು ಒಂದೇ ಕೆಲಸ. ವಾರಕ್ಕೆ ಒಬ್ಬರನ್ನು, ಕ್ಯಾಬಿನ್‌ಗೆ ಕರೆಸದೆ, ಅವರ ಮಷಿನ್ ಹತ್ತಿರವೇ ಹೋಗಿ ಕೇಳಿ: "ನಾನು ಏನು ಮಾಡೋದು ಬಿಟ್ರೆ ನಿನ್ನ ಕೆಲಸ ಸಲೀಸಾಗುತ್ತೆ?" "ನಾನು ಹೇಗಿದೀನಿ?" ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ "ಸೂಪರ್ ಸಾರ್" ಅನ್ನುತ್ತಾರೆ. ಉತ್ತರ ಬಂದ ಮೇಲೆ ಸಮಜಾಯಿಷಿ ಕೊಡಬೇಡಿ. ಇದೇ ಎಲ್ಲಕ್ಕಿಂತ ಕಷ್ಟ. "ಹಾಗಲ್ಲಪ್ಪಾ, ಯಾಕಂದ್ರೆ..." ಅಂತ ಶುರುಮಾಡಿದರೆ ಅಲ್ಲಿಗೆ ಬಾಗಿಲು ಮುಚ್ಚಿತು. "ಆಯ್ತು, ನೋಡ್ತೀನಿ" ಅನ್ನಿ. ಆ ವಾರದೊಳಗೆ ಅವರ ಕಣ್ಣಿಗೆ ಕಾಣುವ ಹಾಗೆ ಏನಾದರೂ ಒಂದು ಬದಲಾಯಿಸಿ.

ಮೊದಲ ಮೂರು ವಾರ "ಏನಿಲ್ಲ ಸಾರ್" ಬಿಟ್ಟು ಬೇರೆ ಉತ್ತರ ಬರಲಿಲ್ಲ. ನಾಲ್ಕನೇ ವಾರ ಒಬ್ಬ ಹೆಲ್ಪರ್, ಎಲ್ಲರ ಮುಂದೆ ಬೈಯಬೇಡಿ, ಬೇಕಾದರೆ ಪಕ್ಕಕ್ಕೆ ಕರೆದು ಬೈಯಿರಿ ಅಂದ. ಅಂದಿನಿಂದ ಇವರು ಪಕ್ಕಕ್ಕೆ ಕರೆಯುತ್ತಾರೆ. ಹಾಗೆ ಕರೆದುಕೊಂಡು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ ಅಂತ ನನಗೆ ಹೇಳಿದರು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅದೇ ಆಪರೇಟರ್ ಫೋನ್ ಮಾಡಿದ್ದಾನೆ. "ಸಾರ್, ಸೈಜ್ ಜರುಗ್ತಿದೆ. ಮಷಿನ್ ನಿಲ್ಸಿದೀನಿ." ಇವರ ಕೈ ಆಗಲೇ ಬೈಕ್ ಕೀ ಮೇಲಿತ್ತಂತೆ. ಹೋಗಲಿಲ್ಲ. "ನಿಲ್ಸಿದ್ದು ಒಳ್ಳೇದಾಯ್ತು. ನಿನಗೇನನ್ನಿಸ್ತಿದೆ?" ಅಂದರು. ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬದಲಾಯಿಸುತ್ತೇನೆ, ಆಫ್‌ಸೆಟ್ ನೋಡುತ್ತೇನೆ ಅಂದ. ಬೆಳಗ್ಗೆ ಪೀಸ್ ಸರಿ ಇದ್ದವು.

ಅಕೌಂಟ್ಸ್ ನೋಡಿಕೊಳ್ಳುವ ಹೆಣ್ಣುಮಗಳು ಮಾತ್ರ ಈಗಲೂ "ಏನಿಲ್ಲ ಸಾರ್" ಅನ್ನುತ್ತಾರೆ. ಮಾಲೀಕರು ಒತ್ತಾಯ ಮಾಡಿಲ್ಲ. ಮುಂದಿನ ಸರದಿ ಬಂದಾಗ ಮತ್ತೆ ಕೇಳುತ್ತಾರಂತೆ.