ಅಷ್ಟು ದೊಡ್ಡ ಯುದ್ಧನೌಕೆ ಕಣ್ತಪ್ಪಿದ್ದು ಹೇಗೆ?

ಓದುಗರ ಪ್ರಶ್ನೆ: 1941ರಲ್ಲಿ ಬ್ರಿಟಿಷರ ಹತ್ತಿರ ರೇಡಾರ್ ಇತ್ತು, ವಿಮಾನಗಳಿದ್ದವು. ಆದರೂ 251 ಮೀಟರ್ ಉದ್ದದ ಜರ್ಮನ್ ಹಡಗು ಬಿಸ್ಮಾರ್ಕ್ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಯಾರಿಗೂ ಕಾಣಲಿಲ್ಲವಂತೆ. ಅದು ಹೇಗೆ?

ಉತ್ತರ: ಮೊದಲು ಸ್ವಲ್ಪ ಲೆಕ್ಕ ನೋಡೋಣ. ಹಡಗಿನಲ್ಲಿ 30 ಮೀಟರ್ ಎತ್ತರದಲ್ಲಿ ನಿಂತವರಿಗೆ ದಿಗಂತ ಇರುವುದು ಸುಮಾರು 20 ಕಿಲೋಮೀಟರ್ ದೂರದಲ್ಲಿ. ಅದೂ ಮಂಜು, ಮಳೆ ಇಲ್ಲದಿದ್ದರೆ. ಓಡುವ ಹಡಗಿನ ವೇಗ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಅದು ಯಾವ ದಿಕ್ಕಿಗೆ ಹೋಯಿತೋ ಗೊತ್ತಿಲ್ಲ. ಒಂದು ಗಂಟೆ ಕಳೆದರೆ ಹುಡುಕಬೇಕಾದ ಜಾಗ ಸುಮಾರು 4,300 ಚದರ ಕಿಲೋಮೀಟರ್. ಹತ್ತು ಗಂಟೆ ಕಳೆದರೆ ಆ ಜಾಗ ಬೆಳೆಯುವುದು ಹತ್ತು ಪಟ್ಟಲ್ಲ, ನೂರು ಪಟ್ಟು. ಬಿಸ್ಮಾರ್ಕ್ ಕಾಣದೆ ಹೋಗಿದ್ದು ಸುಮಾರು 31 ಗಂಟೆ!

ಹೀಗೆ ಕಾಣೆಯಾಗುವ ಹಿಂದಿನ ದಿನ, ಮೇ 24ರಂದು, ಅದು ಬ್ರಿಟನ್ನಿನ 'ಹುಡ್' ಹಡಗನ್ನು ಮುಳುಗಿಸಿತ್ತು. 1,418 ಜನರಲ್ಲಿ ಉಳಿದವರು ಮೂವರೇ. ಆಮೇಲೆ 'ಸಫೋಕ್' ಎಂಬ ಬ್ರಿಟಿಷ್ ಕ್ರೂಸರ್ (ವೇಗದ ಯುದ್ಧನೌಕೆ) ರೇಡಾರ್ ಹಿಡಿದುಕೊಂಡು ಬೆನ್ನುಹತ್ತಿತು. ಆ ರೇಡಾರ್ ಎಟುಕುತ್ತಿದ್ದದ್ದು ಸುಮಾರು 24 ಕಿಲೋಮೀಟರ್ ಅಷ್ಟೆ. ಜಲಾಂತರ್ಗಾಮಿಗಳ ಭಯಕ್ಕೆ ಸಫೋಕ್ ಅಂಕುಡೊಂಕಾಗಿ ಸಾಗುತ್ತಿತ್ತು. ಆಚೆ ತಿರುಗಿದಾಗ ಬಿಸ್ಮಾರ್ಕ್ ರೇಡಾರ್‌ನಿಂದ ಜಾರುತ್ತಿತ್ತು, ಈಚೆ ಬಂದಾಗ ಮತ್ತೆ ಸಿಗುತ್ತಿತ್ತು. 25ರ ನಸುಕಿನಲ್ಲಿ ಹೀಗೆ ಈಚೆ ಬಂದಾಗ ಸಿಗಲೇ ಇಲ್ಲ.

ತಮಾಷೆ ಏನೆಂದರೆ, ತಪ್ಪಿಸಿಕೊಂಡಿದ್ದು ಬಿಸ್ಮಾರ್ಕ್‌ನವರಿಗೇ ಗೊತ್ತಾಗಲಿಲ್ಲ. ರೇಡಾರ್ ಅಲೆ ಹೋಗಿ, ಬಡಿದು, ವಾಪಸ್ ಬರುವಷ್ಟರಲ್ಲಿ ತುಂಬಾ ಸೊರಗಿರುತ್ತದೆ. ಹಾಗಾಗಿ ಹುಡುಕುವವರಿಗೆ ಏನೂ ಕಾಣದಷ್ಟು ದೂರದಲ್ಲೂ ಓಡುವವರಿಗೆ ಅಲೆ ಕೇಳಿಸುತ್ತಿರುತ್ತದೆ. ಇನ್ನೂ ಬೆನ್ನ ಹಿಂದೆಯೇ ಇದ್ದಾರೆ ಅಂದುಕೊಂಡು ಬಿಸ್ಮಾರ್ಕ್‌ನಲ್ಲಿದ್ದ ಜರ್ಮನ್ ಅಡ್ಮಿರಲ್ ಲುಟ್ಯೆನ್ಸ್ ಉದ್ದುದ್ದ ರೇಡಿಯೊ ಸಂದೇಶ ಕಳಿಸಿದ. ಬ್ರಿಟನ್ನಿನ ಕೇಂದ್ರಗಳು ಅದರ ದಿಕ್ಕನ್ನು ಅಳೆದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ: ಬ್ರಿಟಿಷರ ಮುಖ್ಯ ಹಡಗಿನಲ್ಲಿ ಆ ದಿಕ್ಕುಗಳನ್ನು ನಕ್ಷೆಯ ಮೇಲೆ ತಪ್ಪಾಗಿ ಗುರುತಿಸಿದರು. ಪಡೆ ಹೊರಟಿದ್ದು ಈಶಾನ್ಯಕ್ಕೆ. ಬಿಸ್ಮಾರ್ಕ್ ಸಾಗುತ್ತಿದ್ದದ್ದು ಆಗ್ನೇಯಕ್ಕೆ, ಫ್ರಾನ್ಸಿನ ಕಡೆ.

ವಿಮಾನ ಬೇಗ ಹುಡುಕಲ್ವಾ ಅನ್ನಬಹುದು. ಮೋಡ ತಗ್ಗಿದ್ದರೆ ಅದೂ ಕೆಳಗೇ ಹಾರಬೇಕು, ಆಗ ಕಾಣುವುದು ಸಣ್ಣ ಪಟ್ಟಿ ಮಾತ್ರ. ನನ್ನ ಪ್ರಕಾರ ಇಲ್ಲಿ ಗೆದ್ದಿದ್ದು ಊಹೆ. ಬ್ರಿಟನ್ನಿನ ಕರಾವಳಿ ವಾಯುಪಡೆಯ ಮುಖ್ಯಸ್ಥ ಬೋಹಿಲ್ ಹಿಂದೆ ನಾವಿಕನಾಗಿದ್ದವನು. ಹಡಗು ನೇರವಾಗಿ ಫ್ರಾನ್ಸಿನ ಬ್ರೆಸ್ಟ್ ಬಂದರಿಗೆ ಹೋಗದೆ ಸ್ವಲ್ಪ ದಕ್ಷಿಣಕ್ಕೆ ಸುತ್ತಿಕೊಂಡು ಬರುತ್ತದೆ ಅಂತ ಎಣಿಸಿ, ಅಲ್ಲಿಯೂ ಹುಡುಕಿಸಿದ. 26ರ ಬೆಳಿಗ್ಗೆ ಹತ್ತೂವರೆಗೆ ಕ್ಯಾಟಲಿನಾ ವಿಮಾನಕ್ಕೆ ಬಿಸ್ಮಾರ್ಕ್ ಸಿಕ್ಕಿತು.

ಸಿಕ್ಕ ಮೇಲೂ ಗೊಂದಲ ತಪ್ಪಲಿಲ್ಲ. ಬ್ರಿಟಿಷರ ವಿಮಾನವಾಹಕ ಹಡಗು 'ಆರ್ಕ್ ರಾಯಲ್'ನಿಂದ ಎದ್ದ ವಿಮಾನಗಳು ತಮ್ಮದೇ ಹಡಗು 'ಶೆಫೀಲ್ಡ್' ಮೇಲೆ ಟಾರ್ಪೆಡೊ ಬಿಟ್ಟವು. ಕೆಲವು ನೀರಿಗೆ ಬಿದ್ದ ಕೂಡಲೇ ಸಿಡಿದವು, ಶೆಫೀಲ್ಡ್‌ಗೆ ಏನೂ ಆಗಲಿಲ್ಲ. ಟಾರ್ಪೆಡೊದ ಕಾಂತೀಯ ಸಿಡಿಕದಲ್ಲಿ (ಹಡಗಿನ ಉಕ್ಕಿನ ಕಾಂತಬಲಕ್ಕೆ ಸಿಡಿಯುವ ಸಾಧನ) ದೋಷ ಇದೆ ಅಂತ ತಿಳಿದಿದ್ದೇ ಹೀಗೆ. ಬಡಿದಾಗ ಸಿಡಿಯುವ ಬಗೆಯನ್ನು ಹಾಕಿಕೊಂಡು ಸಂಜೆ ಮತ್ತೆ ಹೋದರು. ಒಂದು ಟಾರ್ಪೆಡೊ ಬಿಸ್ಮಾರ್ಕ್‌ನ ಚುಕ್ಕಾಣಿಗೆ ತಗಲಿತು. ದಿಕ್ಕು ತಿರುಗಿಸಲಾಗದೆ ಅದು ಬ್ರಿಟಿಷ್ ಹಡಗುಗಳ ಕೈಗೆ ಸಿಕ್ಕಿಬಿತ್ತು, ಮರುದಿನ ಬೆಳಿಗ್ಗೆ ಮುಳುಗಿತು.